ಕಿರುನೌಕೆಯ ಸಾಕ್ಷ್ಯ: ‘ಎಂಡೆವರ್’ ಹಡಗಿನ ಪ್ರತಿಕೃತಿಯನ್ನು ಕುರಿತು

೧

ವಸ್ತುಸಂಗ್ರಹಾಲಯಗಳಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇರಿಸಿರುವ ಹಡಗಿನ ಪ್ರತಿಕೃತಿಗಳನ್ನು ನೋಡುವವರು ಸಾಮಾನ್ಯವಾಗಿ ಅವುಗಳ ಅಂದಕ್ಕೂ ಅವುಗಳನ್ನು ಮಾಡಿದವನ ತಾಳ್ಮೆಗೂ ತಲೆದೂಗಿ ಮುಂದೆ ಸಾಗುತ್ತಾರೆ. ಮಕ್ಕಳಿಗೆ ಅದೊಂದು ಆಟಿಕೆ. ದೊಡ್ಡವರಿಗೆ ಒಂದು ಅಲಂಕಾರ. ಆದರೆ ಕೈಯಿಂದ ಮಾಡಿದ ಪ್ರಮಾಣಬದ್ಧ ಪ್ರತಿಕೃತಿಗೆ ಇನ್ನೊಂದು ಮುಖವಿದೆ. ಗ್ರಂಥಕರ್ತನು ಒಂದು ಹಡಗನ್ನು ವರ್ಣಿಸುವಾಗ ತನಗೆ ತಿಳಿಯದ ಅಂಶವನ್ನು ಬಿಟ್ಟುಬಿಡಬಹುದು. ಚಿತ್ರಕಾರನು ಅದನ್ನು ನೆರಳಿನಲ್ಲಿ ಮರೆಸಬಹುದು. ಪ್ರತಿಕೃತಿಯನ್ನು ಮಾಡುವವನಿಗೆ ಆ ಸೌಕರ್ಯವಿಲ್ಲ. ಪ್ರತಿಯೊಂದು ಹಲಗೆಯೂ ಎಲ್ಲಿಯಾದರೂ ಕೊನೆಗೊಳ್ಳಲೇಬೇಕು. ಪ್ರತಿಯೊಂದು ಹಗ್ಗವನ್ನೂ ಯಾವುದಾದರೊಂದು ಗೂಟಕ್ಕೆ ಬಿಗಿಯಲೇಬೇಕು. ಹೀಗಿರುವಲ್ಲಿ ಪ್ರತಿಕೃತಿಯ ಒಂದೊಂದು ತುಣುಕೂ ‘ಇದು ಹೀಗಿದ್ದಿತು’ ಎಂಬ ಒಂದೊಂದು ಹೇಳಿಕೆಯಾಗುತ್ತದೆ.

ಆ ಹೇಳಿಕೆಗೆ ಆಧಾರವೇನು ಎಂಬ ಪ್ರಶ್ನೆ ಇಲ್ಲಿಂದ ಹುಟ್ಟುತ್ತದೆ. ಮೂಲ ಹಡಗು ಕಣ್ಣಮುಂದೆ ಇದ್ದರೆ ಅಳೆದು ನೋಡಬಹುದು. ಆದರೆ ಸಮುದ್ರಶೋಧನೆಯ ಪ್ರಸಿದ್ಧ ಹಡಗುಗಳಲ್ಲಿ ಬಹುಪಾಲು ಇಂದು ಇಲ್ಲ. ಕೆಲವು ಮುಳುಗಿದವು, ಕೆಲವನ್ನು ಒಡೆದು ಮರವನ್ನು ಮಾರಿದರು, ಕೆಲವು ಕೊಳೆತುಹೋದವು. ಅವುಗಳ ಪ್ರತಿಕೃತಿಗಳು ಮಾತ್ರ ಲೋಕದ ನಾನಾ ಊರುಗಳಲ್ಲಿ ಇವೆ. ಜನರು ಆ ಹಡಗುಗಳನ್ನು ಅರಿಯುವುದು ಈ ಪ್ರತಿಕೃತಿಗಳ ಮೂಲಕವೇ. ಆದುದರಿಂದ ಪ್ರತಿಕೃತಿಕಾರನು ಯಾವುದನ್ನು ಬಲ್ಲನು, ಯಾವುದನ್ನು ಊಹಿಸುವನು ಎಂಬುದು ಹವ್ಯಾಸಿಗಳ ಕುತೂಹಲಕ್ಕೆ ಮಾತ್ರ ಸೇರಿದ ವಿಷಯವಲ್ಲ; ಇತಿಹಾಸದ ನಂಬಿಕೆಗೆ ಸಂಬಂಧಿಸಿದ ವಿಷಯ. ಇದನ್ನು ವಿವೇಚಿಸುವುದಕ್ಕೆ ಕ್ಯಾಪ್ಟನ್ ಜೇಮ್ಸ್ ಕುಕ್ಕನ ‘ಎಂಡೆವರ್’ ನೌಕೆಗಿಂತ ಅನುಕೂಲವಾದ ನಿದರ್ಶನ ದೊರೆಯುವುದು ಕಷ್ಟ.

೨

‘ಎಂಡೆವರ್’ ಹುಟ್ಟಿದ್ದು ಶೋಧನೆಗಾಗಿ ಅಲ್ಲ. ೧೭೬೪ರಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ವಿಟ್ಬಿ ಎಂಬ ಬಂದರಿನಲ್ಲಿ ಥಾಮಸ್ ಫಿಷ್‌ಬರ್ನ್ ಎಂಬುವನ ಹಡಗುಕಟ್ಟೆಯಲ್ಲಿ ಅದು ‘ಅರ್ಲ್ ಆಫ್ ಪೆಂಬ್ರೋಕ್’ ಎಂಬ ಹೆಸರಿನಿಂದ ನೀರಿಗಿಳಿಯಿತು. ಕಲ್ಲಿದ್ದಲು ಸಾಗಿಸುವುದು ಅದರ ಕಸುಬು. ಮೊಂಡಾದ ಮುಂಭಾಗ, ವಿಶಾಲವಾದ ಒಡಲು, ಚಪ್ಪಟೆಯಾದ ತಳ, ಇವು ಅಂಥ ಹಡಗಿನ ಲಕ್ಷಣಗಳು. ವೇಗಕ್ಕೆ ಈ ಆಕಾರ ಒದಗುವುದಿಲ್ಲ. ಆದರೆ ಭರತ ಇಳಿದಾಗ ಮರಳದಂಡೆಯ ಮೇಲೆ ನೆಟ್ಟಗೆ ಕುಳಿತು ಸರಕನ್ನು ಇಳಿಸಿಕೊಂಡು, ಮತ್ತೆ ನೀರು ಏರಿದಾಗ ತೇಲಿ ಹೊರಡುವ ಶಕ್ತಿ ಇದಕ್ಕುಂಟು.

ಶುಕ್ರಗ್ರಹವು ಸೂರ್ಯಬಿಂಬವನ್ನು ಹಾಯುವುದನ್ನು ವೀಕ್ಷಿಸಲು ತಂಡವನ್ನು ಕಳುಹಿಸಬೇಕೆಂದು ತೀರ್ಮಾನವಾದಾಗ ೧೭೬೮ರಲ್ಲಿ ಬ್ರಿಟಿಷ್ ನೌಕಾಖಾತೆಯು ಈ ಕಲ್ಲಿದ್ದಲಿನ ಹಡಗನ್ನು ೨,೮೪೦ ಪೌಂಡು ೧೦ ಷಿಲಿಂಗು ೧೧ ಪೆನ್ಸಿಗೆ ಕೊಂಡಿತು. ಆ ಹೆಸರಿನ ಬೇರೊಂದು ಹಡಗು ನೌಕಾದಳದಲ್ಲಿ ಆಗಲೇ ಇದ್ದುದರಿಂದ ಇದನ್ನು ‘ಬಾರ್ಕ್ ಎಂಡೆವರ್’ ಎಂದು ಕರೆದರು. ಥೇಮ್ಸ್ ನದಿಯ ಮೇಲಣ ಡೆಪ್ಟ್‌ಫರ್ಡ್ ಹಡಗುಕಟ್ಟೆಯಲ್ಲಿ ಅದರ ಒಡಲೊಳಗೆ ಹೊಸದೊಂದು ಡೆಕ್ಕನ್ನು ಹಾಕಿ ಕೋಣೆಗಳನ್ನು ಕಟ್ಟಿದರು. ಉಷ್ಣವಲಯದ ಸಮುದ್ರಗಳಲ್ಲಿ ಮರವನ್ನು ಕೊರೆಯುವ ಹುಳುವಿನಿಂದ ರಕ್ಷಿಸಲು ತಳಕ್ಕೆ ತೆಳುಹಲಗೆಯ ಇನ್ನೊಂದು ಹೊದಿಕೆಯನ್ನು ಹೊಡೆದು ಅಗಲವಾದ ತಲೆಯ ಮೊಳೆಗಳನ್ನು ಒತ್ತೊತ್ತಾಗಿ ಬಡಿದರು. ೧೭೬೮ರ ಆಗಸ್ಟ್ ೨೬ರಂದು ೯೪ ಮಂದಿಯನ್ನು ಹೊತ್ತು ಆ ನೌಕೆಯು ಪ್ಲಿಮತ್ ಬಂದರನ್ನು ಬಿಟ್ಟಿತು.

ಹಡಗಿನ ಆಕಾರವು ಎಂಥ ಮಹತ್ತ್ವದ್ದೆಂಬುದು ಎರಡು ವರ್ಷಗಳ ಬಳಿಕ ತಿಳಿದುಬಂದಿತು. ೧೭೭೦ರ ಜೂನ್ ೧೧ರ ರಾತ್ರಿ ಆಸ್ಟ್ರೇಲಿಯದ ಪೂರ್ವತೀರದ ಹವಳದ ದಿಬ್ಬಕ್ಕೆ ‘ಎಂಡೆವರ್’ ಅಪ್ಪಳಿಸಿ ಸಿಕ್ಕಿಬಿದ್ದಿತು. ಭಾರವನ್ನು ಇಳಿಸಲು ಆರು ಫಿರಂಗಿಗಳನ್ನೂ, ನೀರಿನ ಪೀಪಾಯಿಗಳನ್ನೂ, ಇತರ ಸಾಮಗ್ರಿಯನ್ನೂ ಸಮುದ್ರಕ್ಕೆ ಎಸೆದರು. ಮರುದಿನ ರಾತ್ರಿಯ ಭರತದಲ್ಲಿ ಹಡಗು ಬಿಡುಗಡೆ ಹೊಂದಿತು. ನಾರನ್ನೂ ಉಣ್ಣೆಯನ್ನೂ ಹಚ್ಚಿದ ಒಂದು ಹಾಯಿಯನ್ನು ತಳದಡಿಯಲ್ಲಿ ಎಳೆದು ಬಿಗಿಯಲು ನೀರಿನ ನುಗ್ಗಾಟದಿಂದ ಅದು ಬಿರುಕಿಗೆ ಅಂಟಿಕೊಂಡು ತೂತನ್ನು ಮುಚ್ಚಿತು. ಮುಂದೆ ಒಂದು ನದೀಮುಖದಲ್ಲಿ ಹಡಗನ್ನು ದಡಕ್ಕೇರಿಸಿ ಸುಮಾರು ಏಳು ವಾರ ರಿಪೇರಿ ನಡೆಸಿದರು. ಇಂದಿನ ಕುಕ್‌ಟೌನ್ ಪಟ್ಟಣ ಇರುವುದು ಅಲ್ಲಿಯೇ. ಹವಳದ ಒಂದು ತುಂಡು ಒಡೆದ ಹಲಗೆಯಲ್ಲಿಯೇ ನಾಟಿಕೊಂಡು ಬೆಣೆಯಂತೆ ನಿಂತಿದ್ದುದು ಆಗ ಕಂಡುಬಂದಿತು. ಕಡಿದಾದ ತಳದ ಚೆಲುವಾದ ಯುದ್ಧನೌಕೆಯಾಗಿದ್ದರೆ ದಡದ ಮೇಲೆ ಇಷ್ಟು ಸುಲಭವಾಗಿ ಕೂಡುತ್ತಿರಲಿಲ್ಲ. ಆದುದರಿಂದ ‘ಎಂಡೆವರ್’ನ ಪ್ರತಿಕೃತಿಯನ್ನು ಮಾಡುವವನು ಅದರ ಮೊಂಡು ಮೂತಿಯನ್ನು ಅಂದಕ್ಕಾಗಿ ಕೊಂಚ ಚೂಪುಗೊಳಿಸಿದರೂ ಹಡಗಿನ ಕಥೆಯ ಮರ್ಮವನ್ನೇ ಕೆಡಿಸಿದಂತಾಗುವುದು.

೩

ಆ ಮೂತಿ ಹೇಗಿದ್ದಿತೆಂದು ತಿಳಿಯುವ ಬಗೆ ಯಾವುದು? ಅದೃಷ್ಟವಶಾತ್ ಡೆಪ್ಟ್‌ಫರ್ಡಿನಲ್ಲಿ ೧೭೬೮ರಲ್ಲಿ ಸಿದ್ಧಪಡಿಸಿದ ನಕ್ಷೆಗಳು ಉಳಿದುಬಂದಿವೆ. ಅವು ಗ್ರೀನಿಚ್ಚಿನ ರಾಷ್ಟ್ರೀಯ ಸಮುದ್ರಯಾನ ವಸ್ತುಸಂಗ್ರಹಾಲಯದಲ್ಲಿವೆ. ಆಡಳಿತದ ಕಡತಕ್ಕೆಂದು ಬರೆದ ಕಾಗದಗಳಿವು. ಹಡಗನ್ನು ಕೊಂಡಮೇಲೆ ಅದರ ಅಳತೆಯನ್ನು ತೆಗೆದಿಡುವುದು ನೌಕಾಖಾತೆಯ ಪದ್ಧತಿಯಾಗಿದ್ದಿತು. ಈ ಕಲ್ಲಿದ್ದಲಿನ ಹಡಗು ಜಗತ್ಪ್ರಸಿದ್ಧವಾಗುವುದೆಂದು ನಕ್ಷೆಗಾರನು ಎಣಿಸಿದ್ದಿರಲಾರನು. ಯುದ್ಧನೌಕೆಗಳಿಗೆ ಅದಕ್ಕೂ ನೂರು ವರ್ಷ ಮುಂಚಿನಿಂದಲೇ ಸೊಗಸಾದ ಮರದ ಪ್ರತಿಕೃತಿಗಳನ್ನು ಮಾಡಿಸುವ ವಾಡಿಕೆ ಇಂಗ್ಲೆಂಡಿನಲ್ಲಿದ್ದಿತು. ಕಲ್ಲಿದ್ದಲು ಹೊರುವ ಹಡಗುಗಳಿಗೆ ಆ ಗೌರವ ದೊರೆಯುತ್ತಿರಲಿಲ್ಲ. ಸರಕಾರ ಕೊಂಡುದರಿಂದಲೇ ‘ಎಂಡೆವರ್’ಗೆ ನಕ್ಷೆಯ ಭಾಗ್ಯ ಒದಗಿತು.

ಹಡಗಿನ ನಕ್ಷೆಯನ್ನು ಓದುವ ಕ್ರಮವನ್ನು ಇಲ್ಲಿ ಸಂಗ್ರಹವಾಗಿ ಹೇಳುವುದು ಯುಕ್ತ. ಮನೆಗೆ ನೇರವಾದ ಗೋಡೆಗಳಿವೆ. ಹಡಗಿನಲ್ಲಿ ನೇರವಾದ ಗೆರೆ ಎಂಬುದೇ ವಿರಳ. ಎಲ್ಲ ದಿಕ್ಕಿನಲ್ಲಿಯೂ ಬಾಗಿರುವ ಈ ಮೈಯನ್ನು ಮೂರು ನೋಟಗಳಿಂದ ಹಿಡಿಯುತ್ತಾರೆ. ಮೊದಲನೆಯದು ಪಕ್ಕದಿಂದ ಕಂಡ ನೋಟ. ಉದ್ದವೂ ಎತ್ತರವೂ ಇದರಿಂದ ತಿಳಿಯುತ್ತವೆ. ಎರಡನೆಯದು ಮೇಲಿನಿಂದ ಕಂಡ ನೋಟ. ಎರಡು ಮಗ್ಗುಲೂ ಒಂದೇ ಬಗೆಯವಾದುದರಿಂದ ಅರ್ಧವನ್ನು ಮಾತ್ರ ಬರೆಯುತ್ತಾರೆ. ಮೂರನೆಯದು ಅಡ್ಡಲಾಗಿ ಸೀಳಿದ ನೋಟ. ಸೌತೆಕಾಯಿಯನ್ನು ಬಿಲ್ಲೆಬಿಲ್ಲೆಯಾಗಿ ಕೊಯ್ದರೆ ಪ್ರತಿ ಬಿಲ್ಲೆಯ ಅಂಚು ಹೇಗೆ ಕಾಣುವುದೋ ಹಾಗೆ ಹಡಗಿನ ನಿಯತವಾದ ಸ್ಥಾನಗಳಲ್ಲಿ ಅದರ ಮೈಯ ಬಾಗು ಇಲ್ಲಿ ಕಾಣುತ್ತದೆ. ಯಾವುದೇ ಬಿಂದುವು ಮೂರು ನೋಟಗಳಲ್ಲಿಯೂ ಒಂದೇ ಸ್ಥಾನದಲ್ಲಿ ಬರಬೇಕು. ಬಾರದಿದ್ದರೆ ನಕ್ಷೆಯಲ್ಲಿ ಎಲ್ಲಿಯೋ ತಪ್ಪಿದೆ ಎಂದರ್ಥ. ಹೀಗೆ ಒಂದು ನೋಟವು ಇನ್ನೊಂದನ್ನು ತಿದ್ದುತ್ತದೆ.

ನಕ್ಷೆಯೊಂದೇ ಸಾಲದು. ಅದು ಡೆಪ್ಟ್‌ಫರ್ಡಿನಲ್ಲಿ ಹಡಗು ಇದ್ದ ಸ್ಥಿತಿಯನ್ನು ತೋರಿಸುತ್ತದೆ. ಯಾತ್ರೆಯಲ್ಲಿ ಆದ ಮಾರ್ಪಾಡುಗಳನ್ನು ತೋರಿಸಲಾರದು. ಈ ಕೊರತೆಯನ್ನು ನೀಗಲು ಇತರ ಸಾಮಗ್ರಿಯಿದೆ. ವಿಜ್ಞಾನಿ ಜೋಸೆಫ್ ಬ್ಯಾಂಕ್ಸನ ಪರಿವಾರದಲ್ಲಿ ಹೊರಟಿದ್ದ ಸಿಡ್ನಿ ಪಾರ್ಕಿನ್ಸನ್ ಎಂಬ ಯುವ ಚಿತ್ರಕಾರನು ಹಡಗಿನ ಕೆಲವು ಪೆನ್ಸಿಲ್ ರೇಖಾಚಿತ್ರಗಳನ್ನು ಬರೆದಿದ್ದಾನೆ. ಅವನು ೧೭೭೧ರ ಜನವರಿಯಲ್ಲಿ ಹಿಂದಿರುಗುವ ದಾರಿಯಲ್ಲಿಯೇ ತೀರಿಕೊಂಡನು, ಚಿತ್ರಗಳು ಉಳಿದವು. ಕುಕ್ಕನ ದಿನಚರಿಯಲ್ಲಿ ಮುರಿದ ಅಡ್ಡಮರ, ಬದಲಿಸಿದ ಹಗ್ಗ, ಹೊಲಿದ ಹಾಯಿ ಇವುಗಳ ಉಲ್ಲೇಖಗಳು ಬರುತ್ತವೆ. ೧೭೭೦ರಲ್ಲಿ ಸಮುದ್ರಕ್ಕೆ ಎಸೆದ ಆರು ಫಿರಂಗಿಗಳು ಸುಮಾರು ಇನ್ನೂರು ವರ್ಷ ಹವಳದೊಳಗೆ ಹುದುಗಿದ್ದು ೧೯೬೯ರಲ್ಲಿ ಅಮೆರಿಕದ ಒಂದು ಶೋಧಕ ತಂಡಕ್ಕೆ ದೊರೆತವು. ಅವು ಸಿಕ್ಕಮೇಲೆ ಫಿರಂಗಿಯ ಉದ್ದಗಲಗಳ ವಿಷಯದಲ್ಲಿ ಊಹೆಗೆ ಎಡೆಯುಳಿಯಲಿಲ್ಲ. ೧೯೯೫ರಲ್ಲಿ ಕಾರ್ಲ್ ಹೈನ್ಸ್ ಮಾರ್ಕ್ವಾರ್ಟನೂ ೧೯೯೭ರಲ್ಲಿ ರೇ ಪಾರ್ಕಿನನೂ ಈ ನೌಕೆಯ ರಚನೆಯನ್ನು ಕುರಿತು ಪ್ರಕಟಿಸಿದ ಗ್ರಂಥಗಳು ಇಂಥ ಚೂರುಪಾರು ಸಾಕ್ಷ್ಯವನ್ನು ಒಟ್ಟುಗೂಡಿಸುವ ಕೆಲಸವನ್ನು ಮಾಡಿವೆ.

೪

ಇನ್ನು ಪ್ರತಿಕೃತಿಯ ನಿರ್ಮಾಣ. ಇಂಗ್ಲಿಷ್ ಹಡಗುಗಳಿಗೆ ಬಹುಕಾಲದಿಂದ ಒಪ್ಪಿರುವ ಪ್ರಮಾಣ ೧:೪೮. ಕಾಲು ಅಂಗುಲವು ಒಂದು ಅಡಿಗೆ ಸಮನಾಗುವುದರಿಂದ ಲೆಕ್ಕಕ್ಕೆ ಇದು ಸುಲಭ. ‘ಎಂಡೆವರ್’ನ ಕೆಳಡೆಕ್ಕಿನ ಉದ್ದ ೯೭ ಅಡಿ ೮ ಅಂಗುಲ, ಅಗಲ ೨೯ ಅಡಿ ೨ ಅಂಗುಲ. ಈ ಪ್ರಮಾಣದಲ್ಲಿ ಅವು ಸುಮಾರು ೨೪½ ಅಂಗುಲ ಮತ್ತು ೭¼ ಅಂಗುಲ ಆಗುತ್ತವೆ. ಆರಡಿಯ ಆಳು ಒಂದೂವರೆ ಅಂಗುಲದವನಾಗುತ್ತಾನೆ. ಮೂರು ಅಂಗುಲ ದಪ್ಪದ ಹಲಗೆಯು ಒಂದು ಅಂಗುಲದ ಹದಿನಾರನೆಯ ಒಂದು ಭಾಗಕ್ಕೆ ಇಳಿಯುತ್ತದೆ.

ಕೆಲಸದ ಕ್ರಮ ದೊಡ್ಡ ಹಡಗಿನದೇ. ತಳದ ಉದ್ದಕ್ಕೂ ಚಾಚಿದ ಅಡಿಮರವನ್ನು ಮೊದಲು ಇಡುತ್ತಾರೆ. ಅದರ ಮೇಲೆ ನಕ್ಷೆಯ ಅಡ್ಡಸೀಳುಗಳಿಗೆ ಸರಿಯಾಗಿ ಪಕ್ಕೆಲುಬುಗಳನ್ನು ನಿಲ್ಲಿಸುತ್ತಾರೆ. ಸುಲಭವಾದ ವಿಧಾನದಲ್ಲಿ ಕೆಲವೇ ಅಡ್ಡಹಲಗೆಗಳನ್ನು ನಿಲ್ಲಿಸಿ ಮೈಯನ್ನು ಹೊದಿಸಿಬಿಡುವುದುಂಟು. ಕಟ್ಟುನಿಟ್ಟಾದ ವಿಧಾನದಲ್ಲಿ ಮೂಲದಲ್ಲಿ ಇದ್ದಷ್ಟು ಪಕ್ಕೆಲುಬುಗಳನ್ನೂ ತುಂಡುತುಂಡಾಗಿ ಜೋಡಿಸಿ ನಿಲ್ಲಿಸುತ್ತಾರೆ. ಬಳಿಕ ತೆಳುಪಟ್ಟಿಗಳನ್ನು ನೀರಿನಲ್ಲಿ ನೆನೆಸಿ, ಕಾಯಿಸಿ ಬಗ್ಗಿಸಿ ಪಕ್ಕೆಲುಬಿಗೆ ಅಂಟಿಸುತ್ತಾ ಬರುತ್ತಾರೆ. ‘ಎಂಡೆವರ್’ನ ಮೊಂಡು ಮೂತಿಯ ಬಳಿ ಪಟ್ಟಿಯು ಗಿಡ್ಡ ತಿರುವಿನಲ್ಲಿ ಬಾಗಬೇಕಾಗಿರುವುದರಿಂದ ಕುಶಲಿಯ ಕೈಗೆ ಪರೀಕ್ಷೆ ಎದುರಾಗುವುದು ಅಲ್ಲಿಯೇ. ವಿಟ್ಬಿಯ ಬಡಗಿಗಳೂ ದಪ್ಪನೆಯ ಹಲಗೆಯನ್ನು ಇದೇ ತಿರುವಿನಲ್ಲಿ ಬಗ್ಗಿಸಿದ್ದರೆಂಬುದು ಆಗ ಅರ್ಥವಾಗುತ್ತದೆ. ಪ್ರತಿಕೃತಿಯ ನಿರ್ಮಾಣವು ಅಧ್ಯಯನದ ಒಂದು ಮಾರ್ಗವೂ ಆಗಿರುವುದು ಹೀಗೆ.

ಎಲ್ಲವನ್ನೂ ಸಮಪ್ರಮಾಣದಲ್ಲಿ ಕಿರಿದುಮಾಡಲು ಪ್ರಕೃತಿ ಒಪ್ಪುವುದಿಲ್ಲ. ಮೂಲ ಹಡಗು ಓಕ್ ಮುಂತಾದ ಮರಗಳದ್ದಾದರೂ ಕಿರುನೌಕೆಗೆ ಓಕ್ ಒಗ್ಗುವುದಿಲ್ಲ. ಅದರ ಎಳೆಗಳು ದೊಡ್ಡವು. ಅಂಗುಲದ ಹಲಗೆಯ ಮೇಲೆ ಅವು ಅಡಿಯುದ್ದದ ಬಿರುಕುಗಳಂತೆ ತೋರುತ್ತವೆ. ಆದುದರಿಂದ ನುಣುಪಾದ ಎಳೆಯ ಬಾಕ್ಸ್, ಪೇರು, ಲೈಮ್ ಮುಂತಾದ ಮರಗಳನ್ನು ಬಳಸುತ್ತಾರೆ. ಬೇರೆ ಮರವನ್ನು ಬಳಸಿದುದರಿಂದಲೇ ಇಲ್ಲಿ ಪ್ರತಿಕೃತಿಯು ಮೂಲಕ್ಕೆ ಹೆಚ್ಚು ಹತ್ತಿರವಾಗುತ್ತದೆ.

ಹಗ್ಗಗಳ ವಿಷಯದಲ್ಲಿ ಹೊಸಬರು ಎಡವುವ ಸ್ಥಳವೊಂದುಂಟು. ಆ ಕಾಲದ ದಾಖಲೆಗಳಲ್ಲಿ ‘ಹನ್ನೆರಡು ಅಂಗುಲದ ಹಗ್ಗ’ ಎಂದರೆ ಅದರ ಸುತ್ತಳತೆ ಹನ್ನೆರಡು ಅಂಗುಲ ಎಂದರ್ಥ. ಅದರ ಅಡ್ಡಳತೆ ನಾಲ್ಕು ಅಂಗುಲಕ್ಕೂ ಕೊಂಚ ಕಡಿಮೆ. ೧:೪೮ರ ಪ್ರಮಾಣದಲ್ಲಿ ಸುಮಾರು ಎರಡು ಮಿಲಿಮೀಟರು. ಸುತ್ತಳತೆಯನ್ನು ಅಡ್ಡಳತೆಯೆಂದು ತಿಳಿದವನ ಹಗ್ಗ ಮೂರು ಪಟ್ಟು ದಪ್ಪವಾಗಿ, ಹಡಗಿನ ತುಂಬ ಹೆಬ್ಬಾವುಗಳು ಜೋತುಬಿದ್ದಂತೆ ಕಾಣುವುದು. ಕೂವೆಮರಗಳನ್ನು ಬಿಗಿದು ನಿಲ್ಲಿಸುವ ಹಗ್ಗಗಳಿಗೆ ಕೀಲೆಣ್ಣೆ ಬಳಿಯುತ್ತಿದ್ದುದರಿಂದ ಅವು ಕಪ್ಪಾಗಿರಬೇಕು. ಹಾಯಿಗಳನ್ನು ಎಳೆದು ಬಿಡುವ ಹಗ್ಗಗಳು ನಾರಿನ ಬಣ್ಣದವಾಗಿರಬೇಕು. ಬಲಕ್ಕೆ ಹೊಸೆದ ಹಗ್ಗ ಯಾವುದು, ಎಡಕ್ಕೆ ಹೊಸೆದುದು ಯಾವುದು ಎಂಬ ಭೇದವನ್ನೂ ಪಾಲಿಸುವ ಕುಶಲಿಗಳು ಅಂಗಡಿಯ ದಾರವನ್ನು ಒಲ್ಲದೆ, ಪುಟ್ಟ ರಾಟೆಗಳಿಂದ ತಾವೇ ಹಗ್ಗ ಹೊಸೆಯುತ್ತಾರೆ.

ಹಾಯಿಗಳು ಇನ್ನೂ ಕಠಿನ. ಆಗಿನ ಹಾಯಿಬಟ್ಟೆಯ ಪನ್ನ ೨೪ ಅಂಗುಲವಾಗಿದ್ದಿತು. ಹಾಯಿಯ ಮೇಲಣ ಹೊಲಿಗೆಯ ಗೆರೆಗಳು ಪ್ರತಿಕೃತಿಯಲ್ಲಿ ಅರ್ಧ ಅಂಗುಲಕ್ಕೊಂದರಂತೆ ಬರಬೇಕು. ಆದರೆ ಬಟ್ಟೆಯ ನೂಲನ್ನು ನಲವತ್ತೆಂಟರಲ್ಲಿ ಒಂದು ಪಾಲಾಗಿ ನೇಯುವ ಮಗ್ಗವಿಲ್ಲ. ಎಷ್ಟು ತೆಳುವಾದ ಬಟ್ಟೆಯೂ ಆ ಅಳತೆಯಲ್ಲಿ ಗೋಣಿಯಂತೆ ತೋರುವುದು. ಗಾಳಿಗೆ ಉಬ್ಬಿದಂತೆ ಮಾಡಿದರೂ ಜಡವಾಗಿಯೇ ನಿಲ್ಲುವುದು. ಆದುದರಿಂದ ಅನೇಕರು ಹಾಯಿಗಳನ್ನು ಕಟ್ಟದೆ, ಬರಿಯ ಮರಗಳನ್ನೂ ಹಗ್ಗಗಳನ್ನೂ ತೋರಿಸಿ ಬಿಡುತ್ತಾರೆ. ಇದನ್ನು ಕೊರತೆಯೆಂದು ಎಣಿಸುವುದಕ್ಕಿಂತ, ತೋರಿಸಲಾಗದುದನ್ನು ತೋರಿಸದಿರುವ ಸಂಯಮವೆಂದು ಎಣಿಸುವುದು ಸಮಂಜಸ.

೫

ನಕ್ಷೆಯೇ ಇಲ್ಲದಿದ್ದಲ್ಲಿ ಏನಾಗುವುದೆಂಬುದಕ್ಕೆ ಕೊಲಂಬಸನ ‘ಸಾಂತಾ ಮರಿಯಾ’ ಸಾಕ್ಷಿ. ಲೋಕದಲ್ಲಿ ಅತ್ಯಂತ ಹೆಚ್ಚಾಗಿ ಪ್ರತಿಕೃತಿಗೊಂಡ ಹಡಗುಗಳಲ್ಲಿ ಅದೂ ಒಂದು. ಆದರೆ ೧೪೯೨ರ ಕ್ರಿಸ್ಮಸ್ ಸಮಯದಲ್ಲಿ ಇಂದಿನ ಹೈತಿಯ ತೀರದಲ್ಲಿ ಒಡೆದ ಆ ಹಡಗಿನ ನಕ್ಷೆಯಾಗಲಿ, ಕಂಡು ಬರೆದ ಚಿತ್ರವಾಗಲಿ ಇಲ್ಲ. ಕೊಲಂಬಸನ ದಿನಚರಿಯ ಮೂಲವೂ ಕಳೆದುಹೋಗಿದೆ. ಲಾಸ್ ಕಾಸಾಸ್ ಎಂಬ ಪಾದ್ರಿಯು ಮಾಡಿಕೊಂಡ ಸಂಗ್ರಹವು ಮಾತ್ರ ಉಳಿದಿದೆ. ಅದರಲ್ಲಿ ಹಡಗಿನ ಹಾಯಿಗಳ ಹೆಸರುಗಳು ಒಂದು ಕಡೆ ಬರುತ್ತವೆ. ಇಷ್ಟು ಸಾಮಗ್ರಿಯಿಂದ ನಾಲ್ಕುನೂರನೆಯ ವರ್ಷದ ಉತ್ಸವಕ್ಕಾಗಿ ೧೮೯೨ರಲ್ಲಿ ಸ್ಪೇನಿನವರು ಕಟ್ಟಿಸಿದ ‘ಸಾಂತಾ ಮರಿಯಾ’ ಒಂದು ಬಗೆ. ೧೯೨೯ರ ಸೆವಿಲ್ ಪ್ರದರ್ಶನಕ್ಕಾಗಿ ಕಟ್ಟಿಸಿದ ‘ಸಾಂತಾ ಮರಿಯಾ’ ಇನ್ನೊಂದು ಬಗೆ. ಮೊದಲಿನವರು ಅದನ್ನು ಗುಂಡನೆಯ ಸರಕಿನ ಹಡಗೆಂದು ಭಾವಿಸಿದರು. ಎರಡನೆಯವರು ಹಗುರವಾದ ಕಾರವೆಲ್ ಜಾತಿಯದೆಂದು ಭಾವಿಸಿದರು. ಅಂಗಡಿಗಳಲ್ಲಿ ಸಿಗುವ ಪ್ರತಿಕೃತಿಗಳು ಈ ಊಹೆಗಳ ಮರಿಗಳು. ಅವನ್ನು ಕೊಂಡು ಮನೆಯಲ್ಲಿ ಇಟ್ಟುಕೊಂಡವನು ಮಾತ್ರ ತಾನು ಕೊಲಂಬಸನ ಹಡಗನ್ನೇ ನೋಡುತ್ತಿರುವೆನೆಂದು ನಂಬಿರುತ್ತಾನೆ.

ಇಲ್ಲಿಯೇ ಒಂದು ಸೋಜಿಗವಿದೆ. ‘ಸಾಂತಾ ಮರಿಯಾ’ದ ಕಾಲಕ್ಕೆ ಹತ್ತಿರದ ಹಡಗು ಹೇಗಿದ್ದಿತೆಂದು ತಿಳಿಯಲು ವಿದ್ವಾಂಸರು ಮೊರೆಹೋಗಿರುವುದು ಒಂದು ಪ್ರತಿಕೃತಿಗೇ. ಸ್ಪೇನಿನ ಕತಲೋನಿಯ ಪ್ರಾಂತದ ಮತಾರೋ ಎಂಬ ಊರಿನ ಗುಡಿಯಲ್ಲಿ ಹರಕೆಯಾಗಿ ತೂಗಿಬಿಟ್ಟಿದ್ದ ಹದಿನೈದನೆಯ ಶತಮಾನದ ಒಂದು ಮರದ ಕಿರುನೌಕೆ ಇಂದು ಹಾಲೆಂಡಿನ ರಾಟರ್‌ಡಾಮಿನ ವಸ್ತುಸಂಗ್ರಹಾಲಯದಲ್ಲಿದೆ. ಹಡಗಿನವರು ಹೊತ್ತ ಹರಕೆಯ ವಸ್ತುಗಳಲ್ಲಿ ಅಳತೆಗಿಂತ ಭಕ್ತಿಯೇ ಮುಖ್ಯ. ಆದರೂ ಪಕ್ಕೆಲುಬನ್ನು ಹೇಗೆ ಕೂಡಿಸುತ್ತಿದ್ದರು, ಡೆಕ್ಕಿನ ತೊಲೆಗಳು ಎಲ್ಲಿ ಹೊರಚಾಚುತ್ತಿದ್ದವು ಎಂಬುದನ್ನು ಬಲ್ಲ ಕೈಯೊಂದು ಅದನ್ನು ಮಾಡಿತು. ದೇವರಿಗೆಂದು ಮಾಡಿದ ಆ ಕಾಣಿಕೆಯು ಐದುನೂರು ವರ್ಷಗಳ ಬಳಿಕ ಇತಿಹಾಸಕಾರರಿಗೆ ದಾಖಲೆಯಾಯಿತು. ಪ್ರತಿಕೃತಿಕಾರನ ಹೊಣೆಗಾರಿಕೆಯು ಎಷ್ಟು ದೂರ ಚಾಚುತ್ತದೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಇಂದಿನವನ ಊಹೆಯು ಗುರುತಿಲ್ಲದೆ ಉಳಿದುಕೊಂಡರೆ ನಾಳಿನವನಿಗೆ ಅದು ಸತ್ಯವಾಗಿ ಪರಿಣಮಿಸಬಲ್ಲದು.

೬

‘ಎಂಡೆವರ್’ನ ನಕ್ಷೆಗಳು ಎರಡು ಸಲ ದೊಡ್ಡ ಪರೀಕ್ಷೆಗೆ ಒಳಗಾದವು. ಮೊದಲನೆಯದು, ಪೂರ್ಣಪ್ರಮಾಣದ ಪ್ರತಿನೌಕೆಯ ನಿರ್ಮಾಣ. ಪಶ್ಚಿಮ ಆಸ್ಟ್ರೇಲಿಯದ ಫ್ರೀಮ್ಯಾಂಟಲ್ಲಿನಲ್ಲಿ ೧೯೮೮ರಲ್ಲಿ ಅದರ ಅಡಿಮರವನ್ನು ಇಟ್ಟರು. ೧೯೯೩ರ ಡಿಸೆಂಬರಿನಲ್ಲಿ ಅದು ನೀರಿಗಿಳಿಯಿತು. ಓಕಿನ ಬದಲು ಆ ನಾಡಿನ ಜಾರಾ ಮರವನ್ನೂ, ಹಳೆಯ ಬಗೆಯ ಹಾಯಿಬಟ್ಟೆಯ ಬದಲು ಕೃತಕ ನೂಲಿನ ಹಾಯಿಗಳನ್ನೂ ಬಳಸಿದರು. ಒಡಲೊಳಗೆ ಎಂಜಿನುಗಳನ್ನು ಇರಿಸಿದರು. ಆದರೂ ನಕ್ಷೆಯ ಗೆರೆಗಳನ್ನು ಅನುಸರಿಸಿದ ಆ ನೌಕೆಯು ಭೂಮಂಡಲವನ್ನು ಸುತ್ತಿಬಂದಿತು. ಹೊಸದಾಗಿ ಸೇರಿಸಿದ ಡೆಕ್ಕಿನಲ್ಲಿ ಆಳು ನೆಟ್ಟಗೆ ನಿಲ್ಲಲಾಗದ ಸ್ಥಳಗಳಿದ್ದುವೆಂಬ ಸಂಗತಿಯು ಕಾಗದದ ಮೇಲೆ ಬರಿಯ ಅಂಕಿಯಾಗಿದ್ದಿತು. ಪ್ರತಿನೌಕೆಯಲ್ಲಿ ನಡೆದಾಡಿದವರ ಬೆನ್ನಿಗೆ ಅದು ಅನುಭವವಾಯಿತು.

ಎರಡನೆಯ ಪರೀಕ್ಷೆ ಸಮುದ್ರದ ತಳದಲ್ಲಿ ನಡೆಯಿತು. ಶೋಧನೆಯ ಯಾತ್ರೆಯಿಂದ ೧೭೭೧ರಲ್ಲಿ ಹಿಂದಿರುಗಿದ ‘ಎಂಡೆವರ್’ಗೆ ಯಾವ ಮರ್ಯಾದೆಯೂ ಸಲ್ಲಲಿಲ್ಲ. ೧೭೭೫ರಲ್ಲಿ ಅದನ್ನು ಮಾರಿದರು. ‘ಲಾರ್ಡ್ ಸ್ಯಾಂಡ್ವಿಚ್’ ಎಂಬ ಹೊಸ ಹೆಸರಿನಿಂದ ಅದು ಅಮೆರಿಕದ ಸ್ವಾತಂತ್ರ್ಯಯುದ್ಧದಲ್ಲಿ ಸೈನಿಕರನ್ನು ಸಾಗಿಸಿತು. ನ್ಯೂಪೋರ್ಟ್ ಬಂದರಿನಲ್ಲಿ ಸೆರೆಮನೆಯೂ ಆಯಿತು. ೧೭೭೮ರ ಆಗಸ್ಟಿನಲ್ಲಿ ಫ್ರೆಂಚರ ನೌಕಾಪಡೆಯನ್ನು ತಡೆಯುವುದಕ್ಕಾಗಿ ಬ್ರಿಟಿಷರು ಬಂದರಿನ ಬಾಯಲ್ಲಿ ಹಲವು ಹಡಗುಗಳನ್ನು ತಾವಾಗಿಯೇ ಮುಳುಗಿಸಿದರು. ಅವುಗಳಲ್ಲಿ ಇದೂ ಒಂದು. ಹೆಸರು ಬದಲಾದುದರಿಂದ ಜಾಡು ತಪ್ಪಿದ್ದಿತು. ೧೯೯೦ರ ದಶಕದ ಕೊನೆಯಲ್ಲಿ ದಾಖಲೆಗಳ ಶೋಧದಿಂದ ‘ಲಾರ್ಡ್ ಸ್ಯಾಂಡ್ವಿಚ್’ ಎಂದರೆ ‘ಎಂಡೆವರ್’ ಎಂಬುದು ಖಚಿತವಾಯಿತು.

ನ್ಯೂಪೋರ್ಟಿನ ತಳದಲ್ಲಿರುವ ಅವಶೇಷಗಳಲ್ಲಿ ಯಾವುದು ‘ಎಂಡೆವರ್’? ಅಲ್ಲಿ ಹೆಸರಿನ ಫಲಕವಿಲ್ಲ, ಗಂಟೆಯಿಲ್ಲ. ಹುಳು ತಿಂದು ಉಳಿದ ಕೆಲವು ತೊಲೆಗಳು, ಕಲ್ಲುಗಳು ಮಾತ್ರ ಇವೆ. ೨೦೨೨ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯದ ರಾಷ್ಟ್ರೀಯ ಸಮುದ್ರಯಾನ ವಸ್ತುಸಂಗ್ರಹಾಲಯವು ಅಂಥ ಒಂದು ಅವಶೇಷವೇ ‘ಎಂಡೆವರ್’ ಎಂದು ಸಾರಿತು. ೨೦೨೫ರಲ್ಲಿ ತನ್ನ ವರದಿಯಲ್ಲಿ ಅದನ್ನೇ ಸಮರ್ಥಿಸಿತು. ಅದರ ವಾದಕ್ಕೆ ಆಧಾರ ಡೆಪ್ಟ್‌ಫರ್ಡಿನ ಹಳೆಯ ಕಾಗದಗಳು. ತೊಲೆಗಳ ದಪ್ಪ, ಕೂವೆಮರಗಳ ಸ್ಥಾನದಲ್ಲಿ ಹೆಚ್ಚಾಗಿ ಸೇರಿಸಿದ್ದ ಮರಗಳು, ಅಡಿಮರವು ಮುಂಭಾಗದ ಮರದೊಡನೆ ಕೂಡುವ ಸಂದಿನ ಆಕಾರ, ಇವೆಲ್ಲ ೧೭೬೮ರ ಅಳತೆಗಳಿಗೆ ಹೊಂದುತ್ತವೆಂಬುದು ಅವರ ನಿಲುವು. ಬಹುಕಾಲ ಅಲ್ಲಿ ಶೋಧನೆ ನಡೆಸಿದ ರೋಡ್ ಐಲೆಂಡಿನ ಸಂಶೋಧಕರು ಈ ತೀರ್ಮಾನವನ್ನು ೨೦೨೨ರಲ್ಲಿ ಅವಸರದ್ದೆಂದು ಆಕ್ಷೇಪಿಸಿದರು. ವಿವಾದವು ಹೇಗೇ ಇರಲಿ, ಎರಡು ಕಡೆಯವರ ಮುಂದೆಯೂ ಇರುವ ಅಳತೆಗೋಲು ಒಂದೇ: ಪ್ರತಿಕೃತಿಕಾರನು ತನ್ನ ಮೇಜಿನ ಮೇಲೆ ಹರಡಿಕೊಳ್ಳುವ ಅದೇ ನಕ್ಷೆ.

೭

ಭಾರತದ ಪಡುವಣ ತೀರದ ಹಡಗುಗಳ ವಿಷಯಕ್ಕೆ ಬಂದರೆ ಪರಿಸ್ಥಿತಿಯು ‘ಸಾಂತಾ ಮರಿಯಾ’ದ್ದನ್ನು ಹೋಲುತ್ತದೆ. ಈ ತೀರದಲ್ಲಿ ಹಡಗು ಕಟ್ಟುವ ವಿದ್ಯೆಯು ಪ್ರಾಚೀನವಾದುದು. ಆದರೆ ಅದು ಕಾಗದಕ್ಕೆ ಇಳಿಯದೆ, ಬಡಗಿಗಳ ಕೈಯಿಂದ ಕೈಗೆ ಸಾಗಿತು. ಉಳಿದಿರುವ ಸಾಕ್ಷ್ಯವು ಕಲ್ಲಿನಲ್ಲಿಯೂ ಚಿತ್ರದಲ್ಲಿಯೂ ಇದೆ. ಮುಂಬಯಿಯ ಬೊರಿವಲಿಯ ಎಕ್ಸರ್ ಎಂಬಲ್ಲಿರುವ ವೀರಗಲ್ಲುಗಳಲ್ಲಿ ಹುಟ್ಟುಗಳ ಸಾಲಿನಿಂದ ಕೂಡಿದ ಯುದ್ಧನೌಕೆಗಳನ್ನು ಕೆತ್ತಿದ್ದಾರೆ. ಗೋವೆಯ ಕದಂಬರ ಕಾಲದ ವೀರಗಲ್ಲುಗಳಲ್ಲಿಯೂ ನೌಕೆಗಳುಂಟು. ಆದರೆ ಶಿಲ್ಪಿಗೆ ಮುಖ್ಯನು ವೀರ. ಹಡಗು ಅವನು ನಿಂತ ನೆಲೆ ಮಾತ್ರ. ಆ ಕೆತ್ತನೆಯಿಂದ ಪಕ್ಕದ ನೋಟವು ಸ್ವಲ್ಪಮಟ್ಟಿಗೆ ದೊರೆಯುವುದು. ಅಡ್ಡಸೀಳಿನ ನೋಟವು ದೊರೆಯದು.

ಇಂಥ ಅರೆಸಾಕ್ಷ್ಯದಿಂದ ಹಡಗನ್ನು ಕಟ್ಟುವ ಸಾಹಸವು ಇತ್ತೀಚೆಗೆ ನಡೆಯಿತು. ಅಜಂತೆಯ ಐದನೆಯ ಶತಮಾನದ ಒಂದು ಚಿತ್ರವನ್ನು ಆಧಾರವಾಗಿಟ್ಟುಕೊಂಡು, ಹಲಗೆಗಳನ್ನು ಮೊಳೆಯಿಲ್ಲದೆ ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕೂಡಿಸುವ ಹಳೆಯ ಪದ್ಧತಿಯಂತೆ ಕೇರಳದ ಕುಶಲಿಗಳು ಗೋವೆಯಲ್ಲಿ ಒಂದು ಹಾಯಿಹಡಗನ್ನು ಕಟ್ಟಿದರು. ೨೦೨೫ರ ಫೆಬ್ರವರಿಯಲ್ಲಿ ನೀರಿಗಿಳಿದ ಅದು, ಅದೇ ವರ್ಷದ ಮೇ ೨೧ರಂದು ಕಾರವಾರದ ನೌಕಾನೆಲೆಯಲ್ಲಿ ‘ಕೌಂಡಿನ್ಯ’ ಎಂಬ ಹೆಸರಿನಿಂದ ಭಾರತೀಯ ನೌಕಾದಳಕ್ಕೆ ಸೇರಿತು. ಡಿಸೆಂಬರಿನಲ್ಲಿ ಪೋರಬಂದರಿನಿಂದ ಮಸ್ಕತ್ತಿಗೆ ಯಾತ್ರೆ ಹೊರಟಿತು. ಅದರ ಹಾಯಿಗಳ ಮೇಲೆ ಕನ್ನಡಿಗರಿಗೆ ಚಿರಪರಿಚಿತವಾದ ಗಂಡಭೇರುಂಡದ ಚಿಹ್ನೆಯಿದೆ.

ಚಿತ್ರವು ಸಮತಲವಾದುದು, ಹಡಗು ಸಮುದ್ರದಲ್ಲಿ ಹೊರಳದೆ ನಿಲ್ಲಬೇಕಾದುದು. ಈ ಎರಡರ ನಡುವಣ ಅಂತರವನ್ನು ದಾಟುವುದಕ್ಕೆ ಇಲ್ಲಿಯೂ ಪ್ರತಿಕೃತಿಯೇ ಒದಗಿತು. ಚೆನ್ನೈಯ ತಾಂತ್ರಿಕ ವಿದ್ಯಾಸಂಸ್ಥೆಯ ಸಾಗರ ವಿಭಾಗದಲ್ಲಿ ಕಿರುಪ್ರತಿಕೃತಿಯನ್ನು ನೀರಿನಲ್ಲಿ ಪರೀಕ್ಷಿಸಿ ಹಡಗಿನ ನಡೆಯನ್ನು ಮುಂಚಿತವಾಗಿ ತಿಳಿದರು. ಇಂಥ ಪರೀಕ್ಷೆಯ ಸೂತ್ರವನ್ನು ಇಂಗ್ಲೆಂಡಿನ ವಿಲಿಯಂ ಫ್ರೂಡ್ ಎಂಬ ತಜ್ಞನು ೧೮೭೦ರ ದಶಕದಲ್ಲಿ ಟಾರ್ಕಿಯಲ್ಲಿ ಕಟ್ಟಿಸಿದ ಕೊಳದಲ್ಲಿ ಸ್ಥಾಪಿಸಿದನು. ಉದ್ದವನ್ನು ಎಷ್ಟು ಪಟ್ಟು ಕುಗ್ಗಿಸಿದೆಯೋ ಅದರ ವರ್ಗಮೂಲದಷ್ಟು ಪಟ್ಟು ವೇಗವನ್ನು ಕುಗ್ಗಿಸಿದರೆ ಕಿರುನೌಕೆಯು ಎಬ್ಬಿಸುವ ಅಲೆಗಳು ಹಿರಿನೌಕೆಯ ಅಲೆಗಳನ್ನು ಹೋಲುತ್ತವೆ. ೪೮ರ ವರ್ಗಮೂಲ ಸುಮಾರು ೭. ಆದುದರಿಂದ ಏಳು ನಾಟ್ ವೇಗದ ಹಡಗನ್ನು ೧:೪೮ರ ಪ್ರತಿಕೃತಿಯಲ್ಲಿ ಒಂದು ನಾಟ್ ವೇಗದಿಂದ ಪರೀಕ್ಷಿಸಬಹುದು. ಗಾಜಿನ ಪೆಟ್ಟಿಗೆಯ ಪ್ರತಿಕೃತಿಯು ಕಳೆದುಹೋದ ಹಡಗನ್ನು ನೆನಪಿಗೆ ತಂದರೆ, ಕೊಳದ ಪ್ರತಿಕೃತಿಯು ಇನ್ನೂ ಹುಟ್ಟದ ಹಡಗಿನ ಭವಿಷ್ಯವನ್ನು ಹೇಳುತ್ತದೆ.

೮

ಈವರೆಗಿನ ವಿವೇಚನೆಯಿಂದ ಪ್ರತಿಕೃತಿಕಾರನ ಧರ್ಮವು ಯಾವುದೆಂಬುದು ತಿಳಿಯುತ್ತದೆ. ನಕ್ಷೆಯಿಂದ ಬಂದುದು ಎಷ್ಟು, ಸಮಕಾಲೀನ ಚಿತ್ರದಿಂದ ಬಂದುದು ಎಷ್ಟು, ಅದೇ ಕಾಲದ ಇತರ ಹಡಗುಗಳನ್ನು ನೋಡಿ ತುಂಬಿದುದು ಎಷ್ಟು, ತನ್ನ ಊಹೆ ಎಷ್ಟು ಎಂಬುದನ್ನು ಅವನು ಪ್ರತಿಕೃತಿಯ ಜೊತೆಯಲ್ಲಿ ಬರೆದಿಡಬೇಕು. ಪ್ರಾಚೀನ ಕಾವ್ಯದ ಸಂಪಾದಕನು ಓಲೆ ತ್ರುಟಿತವಾದೆಡೆಯಲ್ಲಿ ತಾನು ತುಂಬಿದ ಅಕ್ಷರವನ್ನು ಆವರಣದೊಳಗೆ ಹಾಕುತ್ತಾನೆ. ಮರದಲ್ಲಿ ಆವರಣ ಹಾಕುವಂತಿಲ್ಲವಾದುದರಿಂದ ಟಿಪ್ಪಣಿಯು ಇನ್ನಷ್ಟು ಅವಶ್ಯಕ. ಒಂದು ಮಗ್ಗುಲಿಗೆ ಹಲಗೆ ಹೊದಿಸದೆ ಪಕ್ಕೆಲುಬುಗಳನ್ನು ತೆರೆದಿಡುವ ಸಂಪ್ರದಾಯವೂ ಇದೇ ಪ್ರಾಮಾಣಿಕತೆಯ ಒಂದು ರೂಪ. ಒಳಗೆ ಏನಿದೆಯೆಂಬುದನ್ನು ನೋಡುಗನು ತಾನೇ ಪರಿಶೀಲಿಸಬಹುದು.

ಇಷ್ಟಾದರೂ ಪ್ರತಿಕೃತಿಯು ಹೇಳಲಾರದ ಮಾತೊಂದು ಉಳಿಯುತ್ತದೆ. ೧೭೬೯ರ ಅಕ್ಟೋಬರಿನಲ್ಲಿ ‘ಎಂಡೆವರ್’ ನ್ಯೂಜಿಲೆಂಡಿನ ತೀರವನ್ನು ಮುಟ್ಟಿದ ಮೊದಲ ದಿನಗಳಲ್ಲಿಯೇ ಆ ನಾಡಿನ ಮಾವೊರಿ ಜನರಲ್ಲಿ ಹಲವರು ಹಡಗಿನವರ ಗುಂಡಿಗೆ ಬಲಿಯಾದರು. ಅವರ ವಂಶಜರ ಮುಂದೆ ಬ್ರಿಟನ್ನಿನ ಹೈಕಮಿಷನರು ವಿಷಾದವನ್ನು ವ್ಯಕ್ತಪಡಿಸಿದುದು ೨೫೦ ವರ್ಷಗಳ ಬಳಿಕ, ೨೦೧೯ರಲ್ಲಿ. ಹಡಗಿನೊಳಗಿನವರ ಪಾಡೂ ಸುಖದ್ದಲ್ಲ. ಇಂದಿನ ಜಕಾರ್ತವಾದ ಬಟೇವಿಯದಲ್ಲಿ ರಿಪೇರಿಗೆಂದು ತಂಗಿದಾಗ ಅಂಟಿದ ಜ್ವರ ಆಮಶಂಕೆಗಳಿಂದ ಅನೇಕರು ಅಲ್ಲಿಯೂ ದಾರಿಯಲ್ಲಿಯೂ ಸತ್ತರು. ಅಡಿಮರವನ್ನೂ ಅಡ್ಡಮರವನ್ನೂ ಎಷ್ಟು ನಿಖರವಾಗಿ ಮಾಡಿದರೂ ಈ ಸಂಗತಿಗಳು ಅದರಲ್ಲಿ ಕಾಣುವುದಿಲ್ಲ. ಅವನ್ನು ಹೇಳುವುದು ಪೆಟ್ಟಿಗೆಯ ಕೆಳಗಿನ ಬರಹದ ಕೆಲಸ. ಆ ಬರಹವೂ ಹಲಗೆಯಷ್ಟೇ ನೇರವಾಗಿರಬೇಕು.

ಕಲ್ಲಿದ್ದಲು ಹೊರಲೆಂದು ಹುಟ್ಟಿ, ನಕ್ಷತ್ರವೀಕ್ಷಕರನ್ನು ಹೊತ್ತು, ಕಡೆಗೆ ಸೆರೆಯಾಳುಗಳನ್ನು ಹೊತ್ತು ಮುಳುಗಿದ ಹಡಗು ಅದು. ಅದರ ಮರವನ್ನು ಹುಳು ತಿಂದಿತು, ಹೆಸರನ್ನು ಜನ ಮರೆತರು. ಅದನ್ನು ಮತ್ತೆ ಗುರುತಿಸಲು ಸಾಧ್ಯವಾದುದು, ಡೆಪ್ಟ್‌ಫರ್ಡಿನಲ್ಲಿ ಯಾರೋ ಒಬ್ಬ ನಕ್ಷೆಗಾರನು ಕಂಡುದನ್ನು ಕಂಡಂತೆ ಅಳೆದು ಬರೆದಿಟ್ಟುದರಿಂದ. ಮೇಜಿನ ಮೇಲೆ ಕಿರುನೌಕೆಯನ್ನು ಕಟ್ಟುವವನು ಅದೇ ಕಸುಬಿಗೆ ಸೇರಿದವನು.